ಕಪ್ಪು ಗಾಜಿನ ಎಂಜಿನ್ನು, ಒಳಗೆ ನಮ್ಮ ಚೈತ್ರ

ಮೊಮ್ಮಕ್ಕಳ ವಿಷಯ ಎತ್ತಿದರೆ ನಿಲ್ಲಿಸಲು ಬಾರದ ಜನ ಇರುತ್ತಾರೆ. ಮದುವೆ ಮನೆಯಲ್ಲಿ ಅಂಥವರ ಪಕ್ಕದ ಎಲೆಗೆ ಕೂತರೆ, ಪಾಯಸ ಬರುವಷ್ಟರಲ್ಲಿ ಆ ಮಗುವಿನ ಹಾಲುಹಲ್ಲಿನಿಂದ ಹಿಡಿದು ಮಾರ್ಕ್ಸ್ ಕಾರ್ಡಿನವರೆಗೆ ಎಲ್ಲ ನಮಗೆ ಬಾಯಿಪಾಠವಾಗಿರುತ್ತದೆ. ಮೊದಲೆಲ್ಲ ಅಂಥವರನ್ನು ದೂರದಿಂದ ಕಂಡರೇ ನಾನು ಇನ್ನೊಂದು ಸಾಲಿಗೆ ಹೋಗಿ ಕೂರುತ್ತಿದ್ದೆ. ಈಗ ನನ್ನನ್ನು ಕಂಡು ಬೇರೆಯವರು ಸಾಲು ಬದಲಾಯಿಸುತ್ತಾರೆ. ನನಗೇನೂ ಬೇಜಾರಿಲ್ಲ. ನನ್ನ ಮೊಮ್ಮಗಳು ಚೈತ್ರ ರೈಲು ಓಡಿಸುತ್ತಾಳೆ. ನೆಟ್ಟಗೆ ಹೇಳಬೇಕೆಂದರೆ, ಓಡಿಸುವವರ ಪಕ್ಕದಲ್ಲಿ ಕೂತು ಸಿಗ್ನಲ್ಲು ನೋಡಿ ಕೂಗಿ ಹೇಳುವ ಅಸಿಸ್ಟೆಂಟ್ ಲೋಕೋ ಪೈಲಟ್ಟು. ಮೂರನೇ ಕ್ಲಾಸಿಗೇ ಸ್ಲೇಟು ಕೆಳಗಿಟ್ಟ ನಾನು ಆ ಹೆಸರನ್ನು ತಡವರಿಸದೆ ಹೇಳುವುದಕ್ಕೆ ದೋಸೆ ಹುಯ್ಯುವಾಗಲೆಲ್ಲ ಅಭ್ಯಾಸ ಮಾಡಿದ್ದೇನೆ. ಆದರೆ ಮದುವೆ ಮನೆಯ ಗಲಾಟೆಯಲ್ಲಿ ಅಷ್ಟುದ್ದ ಯಾರಿಗೆ ಕೇಳುತ್ತದೆ, ಅದಕ್ಕೇ ‘ರೈಲು ಓಡಿಸ್ತಾಳೆ’ ಎಂದು ಚಿಕ್ಕದು ಮಾಡಿಕೊಂಡಿದ್ದೇನೆ.

ನಮ್ಮದು ವಸಂತಪುರ. ನಾನು ಸೊಸೆಯಾಗಿ ಬಂದಾಗ ಈಗಿನ ನಮ್ಮ ಮನೆ ಇರುವ ಜಾಗದಲ್ಲಿ ರಾಗಿ ಹೊಲವಿತ್ತು. ಈಗ ಅದೇ ಜಾಗದಲ್ಲಿ ಮೂರು ಮಹಡಿ ಎದ್ದಿದೆ. ಕೆಳಗೆ ನಾವು, ಮೇಲೆಲ್ಲ ಬಾಡಿಗೆಯವರು. ನಮ್ಮ ವಂಶದಲ್ಲಿ ಎತ್ತು ಹೊಡೆದವರಿದ್ದಾರೆ, ಟ್ರ್ಯಾಕ್ಟರು ಓಡಿಸಿದವರಿದ್ದಾರೆ, ನನ್ನ ಮಗ ನಾಗರಾಜ ಕಾರನ್ನು ಗೇಟಿಗೆ ತಾಗಿಸದೆ ಒಳಗೆ ತರುವುದನ್ನು ಈಗೀಗ ಕಲಿತಿದ್ದಾನೆ. ಅಂಥ ಮನೆಯ ಹುಡುಗಿ ಒಂದು ಊರಿಗಾಗುವಷ್ಟು ಸಿಮೆಂಟನ್ನು ಬೆನ್ನ ಹಿಂದೆ ಕಟ್ಟಿಕೊಂಡು ಮೈಸೂರಿನ ಕಡೆ ಹೋಗುತ್ತಾಳೆ ಎಂದರೆ ಅಜ್ಜಿಯಾದವಳು ಸುಮ್ಮನಿರುವುದು ಹೇಗೆ? ಆದರೆ ನನ್ನ ಸಂತೋಷಕ್ಕೆ ಒಂದು ಕೊರತೆಯಿತ್ತು. ಅವಳು ಎಂಜಿನ್ನಿನಲ್ಲಿ ಕೂತಿರುವುದನ್ನು ನಾನು ನೋಡಿರಲಿಲ್ಲ. ಡ್ಯೂಟಿಯಲ್ಲಿ ಫೋನು ಆಫ್ ಮಾಡಿ ಇಡಬೇಕಂತೆ, ಫೋಟೊ ತೆಗೆಯುವಂತಿಲ್ಲವಂತೆ. ಗೂಡ್ಸ್ ಗಾಡಿಗೆ ಇಂಥ ಹೊತ್ತು ಅಂತಿಲ್ಲ. ಹೋಗಿ ನೋಡೋಣವೆಂದರೆ ಎಲ್ಲಿಗೆ ಹೋಗುವುದು, ಯಾವಾಗ ಹೋಗುವುದು? ‘ನೀವ್ ನೋಡಿದ್ದೀರಾ?’ ಎಂದು ಯಾರಾದರೂ ಕೇಳಿದಾಗ ‘ನೋಡ್ದೇ ಇರ್ತೀನಾ’ ಎಂದುಬಿಡುತ್ತಿದ್ದೆ. ಬಾಯಿಗೇನು, ಹೇಳಿಬಿಡುತ್ತದೆ; ಅವಳನ್ನು ಒಂದೇ ಒಂದು ಸಲ ಅಲ್ಲಿ ಕಣ್ತುಂಬ ನೋಡಬೇಕು ಎಂಬ ಆಸೆ ಮಾತ್ರ ಹಾಗೇ ಉಳಿಯುತ್ತಿತ್ತು.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಚೈತ್ರ ಹೊರಡುವಾಗ ತಪ್ಪದೆ ಕೇಳುತ್ತಿದ್ದಳು: “ಅಜ್ಜಿ, ನಿನ್ನೆ ಪೇಪರ್ ಇದ್ರೆ ಕೊಡು.” ನಾನು ಮಡಚಿ ಬ್ಯಾಗಿಗೆ ಇಡುತ್ತಿದ್ದೆ. ಎಂಥ ಓದುವ ಹುಡುಗಿ, ಎಂಜಿನ್ನಿನಲ್ಲೂ ಪೇಪರ್ ಬಿಡುವುದಿಲ್ಲ ಎಂದು ಬೀದಿಗೆಲ್ಲ ಹೇಳಿದ್ದೆ. ಎರಡನೇ ಮಹಡಿಯ ಶಾಂತವ್ವ ತನ್ನ ಮಗನನ್ನು ಇದೇ ಮಾತು ಹಿಡಿದು ಬೈದೂ ಆಗಿತ್ತು. ಶಾಂತವ್ವ ಬಾಗಲಕೋಟೆ ಕಡೆಯವಳು, ಮಗನ ಆಫೀಸು ಬಿಟಿಎಂನಲ್ಲಿ. ನಮ್ಮ ಬಾಡಿಗೆದಾರಳು ಎನ್ನುವುದಕ್ಕಿಂತ ನನ್ನ ಮಧ್ಯಾಹ್ನಗಳ ಜೊತೆಗಾತಿ ಎನ್ನಬೇಕು. ಒಂದು ದಿನ ಚೈತ್ರ ಡ್ಯೂಟಿ ಮುಗಿಸಿ ಬಂದಾಗ ನೋಡಿದರೆ ಮುಖದ ಎಡಗಡೆ ಬೇರೆ ಬಣ್ಣ, ಬಲಗಡೆ ಬೇರೆ ಬಣ್ಣ. ಎಡಗಡೆ ಕಾವಲಿಯ ಮೇಲೆ ಮರೆತ ರೊಟ್ಟಿ. ಕಣ್ಣು ಕೆಂಪಗೆ.

“ಇದೇನೇ ಹಿಂಗೆ ಸುಟ್ಕೊಂಡ್ ಬಂದಿದ್ದೀಯಾ?” ಎಂದೆ.

“ನನ್ ಸೀಟು ಎಡಗಡೆ ಅಜ್ಜಿ. ಅಲ್ಲಿಂದ್ಲೇ ಬಿಸ್ಲು. ಇವತ್ತು ಪೇಪರ್ ಅಂಟ್ಸಕ್ಕೆ ಟೇಪ್ ಇರ್ಲಿಲ್ಲ.”

“ಪೇಪರ್ ಅಂಟ್ಸೋದಾ?”

“ಮತ್ತೆ? ಪಕ್ಕದ ಗಾಜಿಗೆ. ಬಿಸ್ಲು ತಡ್ಯಕ್ಕೆ. ಅದನ್ನ ಓದ್ಕೊಂಡ್ ಕೂತ್ರೆ ಸಿಗ್ನಲ್ ಯಾರ್ ನೋಡ್ತಾರೆ?”

ಶಾಂತವ್ವನ ಮಗ ಅನ್ಯಾಯವಾಗಿ ಬೈಸಿಕೊಂಡಿದ್ದ. ಆಮೇಲೆ ಒಂದೊಂದಾಗಿ ಎಲ್ಲ ಹೊರಗೆ ಬಂತು. ಒಳಗೆ ಸೆಖೆ ಒಲೆ ಮುಂದೆ ಕೂತ ಹಾಗಂತೆ. ಸದ್ದಿಗೆ ಕಿವಿ ಮನೆಗೆ ಬಂದರೂ ಗುಂಯ್ ಅನ್ನುತ್ತದಂತೆ. ಆ ಎಂಜಿನ್ನಿನಲ್ಲಿ ಬಚ್ಚಲು ಇಲ್ಲ, ಅದಕ್ಕೆ ಅವಳು ನೀರನ್ನೇ ಕಡಿಮೆ ಕುಡಿಯುವುದಂತೆ. ಇದನ್ನು ಕೇಳಿದ ಮೇಲೆ ನನಗೆ ಊಟ ಸೇರಲಿಲ್ಲ. ಇಡೀ ದೇಶದ ಅಕ್ಕಿ, ಕಲ್ಲಿದ್ದಲು, ಸಿಮೆಂಟು ಎಲ್ಲ ಹುಷಾರಾಗಿ ಹೋಗಬೇಕು, ಮೇಲೆ ಟಾರ್ಪಾಲು ಹೊದಿಸುತ್ತಾರೆ. ಅದನ್ನು ಎಳೆದುಕೊಂಡು ಹೋಗುವ ಮಗುವಿಗೆ ಮಾತ್ರ ಹಳೇ ಪೇಪರ್ರು.

ನನ್ನ ಕೈಲಾದದ್ದನ್ನು ನಾನು ಮಾಡಬೇಕಲ್ಲ. ಶಾಂತವ್ವನನ್ನು ಕರೆದುಕೊಂಡು ಜಯನಗರ ನಾಲ್ಕನೇ ಬ್ಲಾಕಿಗೆ ಹೋದೆ. ಪರದೆ ಬಟ್ಟೆಯ ಅಂಗಡಿಯಲ್ಲಿ ದಪ್ಪನೆಯ, ಬೆಳಕು ತೂರದ ಬಟ್ಟೆ ತೋರಿಸು ಎಂದೆ. ಅಂಗಡಿಯವನು ಒಳ್ಳೆಯವನು, ಹತ್ತಾರು ತಾನು ಬಿಚ್ಚಿ ಹರಡಿದ.

“ಕಿಟಕಿ ಅಳತೆ ಎಷ್ಟು ಅಮ್ಮ?”

“ಗೊತ್ತಿಲ್ಲಪ್ಪ. ರೈಲಿಂದು.”

ಅವನು ಬಟ್ಟೆ ಮಡಚುವುದನ್ನು ನಿಲ್ಲಿಸಿದ. “ರೈಲಿಂದಾ? ಬೋಗಿಗಾ?”

“ಅಲ್ಲ, ಎಂಜಿನ್ನಿಗೆ. ನಮ್ ಮೊಮ್ಮಗಳು ಓಡಿಸ್ತಾಳೆ.”

“ಎಂಜಿನ್ನಿಗೆ ಪರದೆ ಎಳೆದ್ರೆ ದಾರಿ ಯಾರು ನೋಡ್ತಾರೆ ಅಮ್ಮ?”

“ಮುಂದಿನ ಕಿಟಕಿಗಲ್ಲ ಕಣಪ್ಪ, ಪಕ್ಕದ್ದಕ್ಕೆ. ನಮಗೆ ಅಷ್ಟೂ ಗೊತ್ತಾಗಲ್ವಾ?”

ಶಾಂತವ್ವ ನಡುವೆ ಬಾಯಿ ಹಾಕಿದಳು. “ಹೂವಿಂದು ಕೊಡಬ್ಯಾಡ್ರಿ, ಸರಕಾರಿ ಗಾಡಿ ಐತಿ. ಪ್ಲೇನ್ ಕೊಡ್ರಿ.”

ನಾನು ಹಸಿರು ಬಣ್ಣದ್ದೇ ಆರಿಸಿದೆ. ರೈಲಿನವರಿಗೆ ಹಸಿರೆಂದರೆ ಹೋಗು ಎಂದು ತಾನೇ ಅರ್ಥ, ಶುಭ. ಮನೆಗೆ ಬಂದು ಮೆಷಿನ್ನಿನಲ್ಲಿ ಅಂಚು ಹೊಲಿದು, ಮೇಲೆ ಲಾಡಿ ತೂರುವಷ್ಟು ಮಡಿಕೆ ಬಿಟ್ಟು, ಇಸ್ತ್ರಿ ಮಾಡಿಸಿ ಅವಳ ಕೈಗೆ ಕೊಟ್ಟೆ. ಚೈತ್ರ ಅದನ್ನು ಬಿಡಿಸಿ ನೋಡಿದಳು, ಮತ್ತೆ ಮಡಚಿದಳು. ನಗುತ್ತಾಳೆ ಎಂದುಕೊಂಡಿದ್ದೆ, ನಗಲಿಲ್ಲ. “ಅಜ್ಜಿ, ಗಾಡಿ ದಿನಾ ಒಂದೇ ಇರಲ್ಲ. ಇವತ್ತು ಒಂದು ಎಂಜಿನ್ನು, ನಾಳೆ ಇನ್ನೊಂದು. ಪರದೆ ಕಟ್ಕೊಂಡು ಬಿಚ್ಕೊಂಡು ಓಡಾಡಕ್ಕಾಗಲ್ಲ. ಅದೂ ಅಲ್ದೆ ಹಸಿರು ಬಟ್ಟೆ ಕಿಟಕೀಲಿ ಗಾಳಿಗೆ ಹಾರಾಡಿದ್ರೆ ಸ್ಟೇಷನ್ನಿನವರು ನಾನು ಬಾವುಟ ತೋರಿಸ್ತಿದ್ದೀನಿ ಅಂದ್ಕೋತಾರೆ.” ಆ ಪರದೆ ಈಗ ಶಾಂತವ್ವನ ಅಡಿಗೆಮನೆಯ ಕಿಟಕಿಯಲ್ಲಿದೆ. ಚೆನ್ನಾಗೇ ಕಾಣುತ್ತದೆ.

ಅಂದಿನಿಂದ ನಾನು ದೇವರನ್ನು ಹಿಡಿದುಕೊಂಡೆ. ಹನುಮಂತನಗರದಲ್ಲಿ ನನ್ನ ತಂಗಿಯ ಮನೆ. ಅಲ್ಲಿಗೆ ಹೋದಾಗಲೆಲ್ಲ ಗುಡ್ಡ ಹತ್ತಿ ಆಂಜನೇಯನಿಗೆ ತುಪ್ಪದ ದೀಪ ಹಚ್ಚಿ, ‘ನನ್ನ ಮೊಮ್ಮಗಳ ಎಂಜಿನ್ನಿಗೆ ಒಳ್ಳೇ ಗಾಜು ಕೊಡಪ್ಪ, ಬಿಸಿಲು ತಡೆಯುವಂಥದ್ದು’ ಎಂದು ಬೇಡಿಕೊಳ್ಳುತ್ತಿದ್ದೆ. ಸೂರ್ಯನನ್ನೇ ಹಣ್ಣೆಂದು ನುಂಗಲು ಹೋದ ದೇವರು, ಬಿಸಿಲಿನ ವಿಷಯ ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ದೀಪದ ಪುಣ್ಯವೋ, ರೈಲಿನವರಿಗೇ ಬುದ್ಧಿ ಬಂತೋ, ಒಂದು ದಿನ ಚೈತ್ರ ಬಾಗಿಲಲ್ಲಿ ಚಪ್ಪಲಿ ಬಿಡುತ್ತಲೇ, “ಅಜ್ಜಿ, ಹೊಸ ಎಂಜಿನ್ನು ಬಂದಿದೆ. ಪಕ್ಕದ ಗಾಜಿಗೆಲ್ಲ ಕಪ್ಪು ಬಣ್ಣ. ಒಳಗೆ ಏಸಿ. ಸೀಟು ನಮ್ ಸೋಫಾಗಿಂತ ಚೆನ್ನಾಗಿದೆ. ಬಚ್ಚಲೂ ಇದೆ” ಎಂದಳು. ನಾನು ಅವಳ ಕೆನ್ನೆ ಎರಡನ್ನೂ ಹಿಡಿದು ನೋಡಿದೆ. ಎರಡೂ ಒಂದೇ ಬಣ್ಣ. ಆ ಸಂಜೆ ಅವಳು ದಿನದ ಹಾಗೆ ಬಂದವಳೇ ಎರಡು ಚೊಂಬು ನೀರು ಕುಡಿಯಲಿಲ್ಲ. ಡ್ಯೂಟಿಯಲ್ಲೇ ಕುಡಿದು ಬಂದಿದ್ದಳು. ನಾನು ಅಡಿಗೆಮನೆಗೆ ಹೋಗಿ ಕಣ್ಣು ಒರೆಸಿಕೊಂಡು ಬಂದೆ. ಬೀದಿಯಲ್ಲಿ ಎಲ್ಲರಿಗೂ ಒಬ್ಬಟ್ಟು ಹಂಚಿದೆ. ‘ಏನ್ ವಿಶೇಷ ಅಜ್ಜಿ’ ಎಂದವರಿಗೆ ‘ಗಾಜು’ ಎಂದೆ.

ಅದಾದ ಕೆಲವು ದಿನಕ್ಕೆ ಡ್ಯೂಟಿಗೆ ಹೋದವಳು ಫೋನು ಆಫ್ ಮಾಡುವ ಮೊದಲು ಕರೆ ಮಾಡಿದಳು. ಮಧ್ಯಾಹ್ನ ಅವಳ ಗಾಡಿ ಕೆಂಗೇರಿಯ ಮೇಲೆ ಹೋಗುತ್ತದೆ, ಅದೇ ಹೊಸ ಎಂಜಿನ್ನು. “ನಿಲ್ಲುತ್ತೆ ಅಂತ ಹೇಳಕ್ಕಾಗಲ್ಲ ಅಜ್ಜಿ. ನಿಂತ್ರೆ ನಿನ್ ಅದೃಷ್ಟ. ನೀನು ಪ್ಲಾಟ್‌ಫಾರ್ಮಲ್ಲೇ ಇರ್ಬೇಕು, ಹಳಿ ಕಡೆ ಬಗ್ಗಬಾರ್ದು.” ಫೋನಿಟ್ಟವಳೇ ಬೀರುವಿನಿಂದ ರೇಷ್ಮೆ ಸೀರೆ ತೆಗೆದೆ. ಶಾಂತವ್ವ ಮಲ್ಲಿಗೆ ದಂಡೆ ತಂದಳು. ಮಧ್ಯಾಹ್ನಕ್ಕೆ ಮಾಡಿದ್ದ ಅವರೆಕಾಳಿನ ಉಪ್ಪಿಟ್ಟನ್ನು ನಿಂತುಕೊಂಡೇ ತಿಂದು ಉತ್ತರಹಳ್ಳಿ ರಸ್ತೆಯಲ್ಲಿ ಆಟೊ ಹಿಡಿದೆವು.

ಕೆಂಗೇರಿ ಪ್ಲಾಟ್‌ಫಾರ್ಮಿನ ಬೆಂಚಿನಲ್ಲಿ ಕೂತು ಬೆನ್ನು ಸೆಟೆದು ಹೋಯಿತು. ಬಂದ ಗಾಡಿಗಳಿಗೆಲ್ಲ ಎದ್ದು ನಿಂತೆ. ಕೊನೆಗೆ ಉದ್ದನೆಯ ಗೂಡ್ಸ್ ಗಾಡಿಯೊಂದು ನಿಧಾನವಾಗಿ, ನಿಧಾನವಾಗಿ ಬಂದು, ನನ್ನ ಪುಣ್ಯಕ್ಕೆ ಸಿಗ್ನಲ್ಲು ಸಿಗದೆ ನಿಂತೇಬಿಟ್ಟಿತು. ಎಂಜಿನ್ನು ನಮ್ಮ ಮುಂದೆಯೇ. ಹೊಸದು, ಈಗ ತಾನೇ ಎಣ್ಣೆ ನೀರು ಹಾಕಿದ ಮಗುವಿನ ಹಾಗೆ ಮಿರಮಿರ ಹೊಳೆಯುತ್ತಿತ್ತು. ನಾನು ತಲೆಯೆತ್ತಿ ಎಡಗಡೆಯ ಕಿಟಕಿ ನೋಡಿದೆ.

ಕಪ್ಪು ಗಾಜು. ಅದರಲ್ಲಿ ರೇಷ್ಮೆ ಸೀರೆಯ ಒಬ್ಬಳು ದಪ್ಪ ಹೆಂಗಸು ಬಾಯಿ ತೆರೆದುಕೊಂಡು ನನ್ನನ್ನೇ ನೋಡುತ್ತಿದ್ದಳು.

ಆ ಕಡೆಯಿಂದ ನೋಡಿದೆ, ಈ ಕಡೆಯಿಂದ ನೋಡಿದೆ, ಹಣೆಗೆ ಕೈ ಅಡ್ಡ ಹಿಡಿದು ನೋಡಿದೆ. ನಾನು ಬೇಡಿಕೊಂಡ ಗಾಜು ಬಿಸಿಲನ್ನೂ ತಡೆದಿತ್ತು, ನನ್ನನ್ನೂ ತಡೆದಿತ್ತು.

“ಒಳಗ ಯಾರೂ ಕಾಣವಲ್ಲರು ಬಿಡ್ರಿ ಅಮ್ಮಾರ,” ಎಂದಳು ಶಾಂತವ್ವ. “ಗಾಡಿ ತಾನ ಬಂದೈತೇನೋ.”

“ತಾನೇ ಬರೋಕೆ ಅದೇನು ಎಮ್ಮೇನಾ? ಇದ್ದಾಳೆ, ಸುಮ್ನಿರು.”

ಇದ್ದಾಳೆ ಎಂದೆ, ಆದರೆ ಎಷ್ಟು ಹೊತ್ತು ಗಾಜನ್ನು ನೋಡಿಕೊಂಡು ನಿಲ್ಲುವುದು? ಕನ್ನಡಿಯ ಮುಂದೆ ನಿಂತ ಹೆಂಗಸು ಏನು ಮಾಡುತ್ತಾಳೋ ಅದನ್ನೇ ನಾನೂ ಮಾಡಿದೆ. ಮಲ್ಲಿಗೆ ಒಂದು ಕಡೆ ಜಾರಿತ್ತು, ಸರಿ ಮಾಡಿಕೊಂಡೆ. ಕುಂಕುಮ ಹರಡಿತ್ತು, ಸೆರಗಿನ ತುದಿಯಿಂದ ಸುತ್ತ ಒರೆಸಿದೆ. ಆಟೊದ ಗಾಳಿಗೆ ಎದ್ದಿದ್ದ ಕೂದಲನ್ನು ಎಂಜಲು ಬೆರಳಿನಿಂದ ಅಂಟಿಸಿದೆ. ಹಲ್ಲಿನ ಸಂದಿಯಲ್ಲಿ ಉಪ್ಪಿಟ್ಟಿನ ಕರಿಬೇವು ಸಿಕ್ಕಿಕೊಂಡಿದ್ದು ಆಗ ಕಂಡಿತು. ತುದಿಗಾಲಲ್ಲಿ ನಿಂತು, ಬಾಯಿ ಅಗಲ ಮಾಡಿ, ಕಿರುಬೆರಳಿನ ಉಗುರಿನಿಂದ ಅದನ್ನು ಬಿಡಿಸುವುದರಲ್ಲಿ ಮುಳುಗಿಹೋದೆ. ಅಷ್ಟರಲ್ಲಿ ಪಕ್ಕದ ಹಳಿಯಲ್ಲಿ ಪ್ಯಾಸೆಂಜರ್ ಗಾಡಿಯೊಂದು ಹೋಯಿತು, ಇವರಿಗೆ ಸಿಗ್ನಲ್ಲು ಸಿಕ್ಕಿತು, ನನ್ನ ತಲೆಯ ಮೇಲೆಯೇ ಹಾರನ್ನು ಕೂಗಿತು ನೋಡಿ. ಎರಡೂ ಕೈಯಲ್ಲಿ ಕಿವಿ ಮುಚ್ಚಿಕೊಂಡೆ. ಕಿವಿ ಮುಚ್ಚಿದರೆ ನನಗೆ ಕಣ್ಣೂ ಮುಚ್ಚುತ್ತದೆ, ಹುಟ್ಟಿದಾಗಿನಿಂದ ಹಾಗೇ. ಕಣ್ಣು ಬಿಟ್ಟಾಗ ಎಂಜಿನ್ನು ಆಗಲೇ ಮುಂದೆ ಹೋಗಿತ್ತು. ಎಡಗಡೆ ಕಿಟಕಿಯಿಂದ ಒಂದು ಕೈ, ಕೈಯಲ್ಲಿ ಹಸಿರು ಬಾವುಟ, ಅಷ್ಟೇ.

“ಚಂದ ಕಾಣ್ತಿದ್ಲರೀ ಅಮ್ಮಾರ,” ಶಾಂತವ್ವನ ಮುಖ ಅರಳಿತ್ತು. “ಕಿಟಕಿ ಸರಿಸಿ ಮುಖ ಹೊರಗ ಹಾಕಿದ್ಲು, ನಕ್ಕಳು. ನೋಡಿದ್ರಿಲ್ಲೋ?”

“ನೋಡ್ದೇ ಇರ್ತೀನಾ,” ಎಂದೆ.

ಮರುದಿನ ಚೈತ್ರ ಬಂದವಳು ಸೋಫಾದಲ್ಲಿ ಬಿದ್ದು, ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವಳಪ್ಪ ನಾಗರಾಜ ಏನೋ ಆಯಿತೆಂದು ಗಾಬರಿಯಿಂದ ಒಳಗೆ ಓಡಿಬಂದ.

“ಅಜ್ಜಿ, ಆ ಗಾಜು ಹೊರಗಿನವ್ರಿಗೆ ಮಾತ್ರ ಕಪ್ಪು. ಒಳಗಿನಿಂದ ಎಲ್ಲಾ ಕಾಣುತ್ತೆ. ನೀನು ಬೆಂಚಿಂದ ಎದ್ದಾಗಿಂದ ನಾನು ಕೈ ಬೀಸ್ತಾನೇ ಇದ್ದೆ.”

ನನಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. “ಗಾಡಿ ಓಡ್ಸೋ ನಿಮ್ ಸಾರೂ ನೋಡಿದ್ರಾ?” ಎಂದೆ.

“‘ಯಾರಮ್ಮ ಅದು ನಮ್ ಗಾಜಲ್ಲಿ ಹಲ್ಲು ನೋಡ್ಕೊತಿರೋದು’ ಅಂದ್ರು. ನಮ್ಮಜ್ಜಿ ಸಾರ್, ನನ್ನ ನೋಡಕ್ಕೆ ಬಂದಿದ್ದಾರೆ ಅಂದೆ. ಅವ್ರು ಕೂತಲ್ಲಿಂದ್ಲೇ ಕೈ ಮುಗಿದ್ರು ಅಜ್ಜಿ. ನೀನು ಆಗ ಕರಿಬೇವು ತೆಗೀತಿದ್ದೆ.”

“ನಿಂತಿತ್ತಲ್ಲೇ ಗಾಡಿ, ಕಿಟಕಿ ತೆಗಿಯಕ್ಕೇನಾಗಿತ್ತು ನಿಂಗೆ?”

ಅವಳ ನಗು ಸಣ್ಣಗಾಯಿತು. ನನ್ನ ಮಡಿಲಿಗೆ ತಲೆ ಇಟ್ಟಳು. “ತೆಗಿಯಕ್ಕೇ ಕೈ ಹಾಕಿದ್ದೆ. ನೀನು ಅಷ್ಟು ಹತ್ರ ಬಂದು ಬಾಯಿ ಬಿಟ್ಕೊಂಡಿದ್ದೆ. ಫಕ್ಕಂತ ತೆಗೆದ್ರೆ ನಿಂಗೆ ಎಷ್ಟು ನಾಚಿಕೆ ಆಗ್ತಿತ್ತು ಹೇಳು. ಮುಗೀಲಿ ಅಂತ ಕಾದೆ. ಅಷ್ಟರಲ್ಲಿ ಸಿಗ್ನಲ್ ಬಂತು.”

ಒಂದು ಎಲೆ ಕರಿಬೇವು. ಅದನ್ನು ಹಾಗೇ ನುಂಗಿದ್ದರೆ ನನ್ನ ಆಸೆ ತೀರುತ್ತಿತ್ತು. ಆದರೂ ಅವಳ ತಲೆ ಸವರುತ್ತ ಕೂತಾಗ ನನಗೆ ಕೊರತೆಯೆಂದು ಅನ್ನಿಸಲೇ ಇಲ್ಲ. ಆ ಕಪ್ಪು ಗಾಜಿನ ಹಿಂದೆ, ತಂಪಾದ ಜಾಗದಲ್ಲಿ ಕೂತು, ಅವಳು ಅಷ್ಟು ಹೊತ್ತೂ ನನಗೆ ಕೈ ಬೀಸುತ್ತಿದ್ದಳಂತೆ.

ಈಗ ನನಗೊಂದು ಹೊಸ ಅಭ್ಯಾಸವಾಗಿದೆ. ಕೋಣನಕುಂಟೆ ಕ್ರಾಸಿನ ಸಿಗ್ನಲ್ಲಿನಲ್ಲಿ ಕಪ್ಪು ಗಾಜಿನ ಕಾರು ನಿಂತಿದ್ದರೆ ಸೆರಗು, ಮುಡಿ ಯಾವುದನ್ನೂ ಮುಟ್ಟುವುದಿಲ್ಲ. ಒಳಗೆ ಯಾರದೋ ಮೊಮ್ಮಗಳು ಕೂತು ನೋಡುತ್ತಿರಬಹುದು ಎಂದು ಬಾಯಿ ಮುಚ್ಚಿಕೊಂಡೇ ಒಂದು ನಗು ನಕ್ಕು, ಕೈ ಬೀಸುತ್ತೇನೆ. ಮೊನ್ನೆ ಹಾಗೆ ಬೀಸಿದಾಗ ಗಾಜು ಕೆಳಗಿಳಿಯಿತು. ಗಡ್ಡ ಬಿಟ್ಟ ಹುಡುಗನೊಬ್ಬ ತಲೆ ಹೊರಗೆ ಹಾಕಿ, “ಏನ್ ಅಜ್ಜಿ, ಡ್ರಾಪ್ ಬೇಕಾ?” ಎಂದ.

“ಬೇಡಪ್ಪ,” ಎಂದೆ. “ಸುಮ್ನೆ ನೋಡ್ದೆ. ನೀರು ಕುಡ್ಕೊಂಡು ಹುಷಾರಾಗಿ ಓಡ್ಸು.”