ಬೆಂಚಿನ ಮೂರನೆಯವಳು

ನನ್ನ ಈ ಗೆಳತಿ ಎಂಟನೇ ಕ್ಲಾಸಿಗೆ ಒಂದು ದಿನವೂ ಒಬ್ಬಳೇ ಬಂದವಳಲ್ಲ. ಜೊತೆಗೆ ಅವಳ ಅಕ್ಕ ಬರುತ್ತಿದ್ದಳು. ಅಕ್ಕ ಕೂಸಾಗಿದ್ದಾಗಲೇ ತೀರಿಹೋಗಿದ್ದಳು, ಅದು ಬೇರೆ ವಿಷಯ!

ನಮ್ಮ ಹಂಗಾರಕಟ್ಟೆ ಕಡೆ ಸತ್ತ ಕೂಸುಗಳೂ ವರ್ಷ ವರ್ಷ ಬೆಳೆಯುತ್ತವೆ. ಪ್ರಾಯಕ್ಕೆ ಬಂದರೆ ಸತ್ತ ಹೆಣ್ಣಿಗೆ ಸತ್ತ ಗಂಡನ್ನೇ ಹುಡುಕಿ ಮದುವೆ ಮಾಡಬೇಕು. ಸರಿ, ಹಾಗೆ ಬೆಳೆದು ಇಪ್ಪತ್ತು ತುಂಬಿದ ಹೆಣ್ಣಿಗೆ ನಮ್ಮ ಬೆಂಚಿನಲ್ಲೇನು ಕೆಲಸ? ನಾನು ಕಿಟಕಿ ಪಕ್ಕ ಕೂರಲು ಹೋದರೆ ಸಾಕು, ಇವಳು ಚೀರುತ್ತಿದ್ದಳು.

"ಹೋಯ್ ಮಾರಾಯ್ತಿ, ಅಕ್ಕ ಕೂಕಂಡಿತ್, ಕಾಣ್ತಿಲ್ಯಾ?"

ಆ ಜಾಗ ಸೆಕೆಗಾಲದಲ್ಲೂ ತಣ್ಣಗಿರುತ್ತಿತ್ತು. ಅದು ಹೊಳೆಗಾಳಿ ಅಂತ ನನಗೆ ಗೊತ್ತಿರಲಿಲ್ಲವೇ? ಆದರೂ ಕೈ ಇಡುವ ಧೈರ್ಯ ಯಾರಿಗಿತ್ತು! ಗಣಿತದ ಮೇಷ್ಟ್ರೇ ಪರೀಕ್ಷೆಯಲ್ಲಿ ಅಲ್ಲೊಂದು ಪ್ರಶ್ನೆಪತ್ರಿಕೆ ಇಟ್ಟು ಮುಂದೆ ಹೋಗಿ, ಬೆಚ್ಚಿಬಿದ್ದು ವಾಪಸು ಬಂದು ಎತ್ತಿಕೊಂಡರು. ಇವಳಿಗೆ ಮಾತ್ರ ನೂರಕ್ಕೆ ನೂರು. ಅಕ್ಕ ಹೇಳಿಕೊಟ್ಟಳಂತೆ.

ಹೊಟ್ಟೆಕಿಚ್ಚು ತಡೆಯದೆ ನಾನೂ ಒಬ್ಬ ಅಣ್ಣನನ್ನು ಹುಟ್ಟಿಸಿ, ಅಲ್ಲೇ ಸಾಯಿಸಿದೆ!

"ಅವ ನಂಗಿಂತ ಒಂಬತ್ತ್ ವರ್ಷ ದೊಡ್ಡವ. ನಿನ್ ಅಕ್ಕನಿಗಿಂತ್ಲೂ ದೊಡ್ಡವ," ಅಂದೆ.

ಇವಳು ನಗಲಿಲ್ಲ. ನನ್ನ ಭುಜದಾಚೆ ಸ್ವಲ್ಪ ಹೊತ್ತು ನೋಡಿ, "ಹೌದ್, ನಿನ್ನಂಗೇ ಇದ್ದ ಕಾಣ್," ಅಂದಳು. ಆ ಸಂಜೆ ಮನೆ ಮುಟ್ಟುವ ತನಕ ನಾನು ಹಿಂದೆ ತಿರುಗಿ ನೋಡಲಿಲ್ಲ.

ಭಾನುವಾರ ಅವಳ ಅಪ್ಪ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ನಮ್ಮ ಜಗಲಿಗೆ ಬಂದರು. ಬೆನ್ನಿಗೆ ಇವಳು.

"ನಿಮ್ಮ್ ತೀರ್ಹೋದ ಮಗನಿಗೆ ನಮ್ಮ್ ದೊಡ್ಡ್ ಹೆಣ್ಣ್ ಕೊಡ್ವ ಅಂದ್ ಬಂದದ್," ಅಂದರು ಅಮ್ಮನಿಗೆ.

ಸುಳ್ಳು ಬಯಲಾದರೆ ಪೆಟ್ಟು ಹೇಗೂ ಇದ್ದದ್ದೇ. ಆದರೆ ಇವಳು ಇನ್ನು ನನ್ನ ಹತ್ತಿರ ಮಾತಾಡಿಯಾಳೇ? ನನಗೆ ಇದ್ದವಳು ಇವಳೊಬ್ಬಳೇ.

ಮೀನು ಕೊಯ್ಯುತ್ತಿದ್ದ ಅಮ್ಮನ ಕೈ ನಿಂತಿತು.

"ಎಷ್ಟ್ ದೊಡ್ಡವ ಅಂದ್ ಹೇಳಿದ್ದಿ?" ಅಂತ ನನ್ನನ್ನು ಕೇಳಿದಳು.

"ಒಂಬತ್ತ್ ವರ್ಷ..."

"ಹತ್ತ್," ಅಂದಳು ಅಮ್ಮ.

ನನಗೆ ನಿಜವಾಗಿಯೂ ಅಣ್ಣನೊಬ್ಬನಿದ್ದ. ಎಂಟು ದಿನ ಬದುಕಿದ್ದ, ಹೆಸರಿಡುವ ಮೊದಲೇ ಹೋದ. ಮನೆಯಲ್ಲಿ ಯಾರೂ ಅವನ ಮಾತೆತ್ತಿರಲಿಲ್ಲ.

ಮದುವೆ ನಮ್ಮ ಚಾವಡಿಯಲ್ಲೇ ಆಯಿತು. ಎರಡು ಮಣೆ, ಒಂದರ ಮೇಲೆ ಸೀರೆ, ಇನ್ನೊಂದರ ಮೇಲೆ ಪಂಚೆ. ಹಿರಿಯರು ಮದುಮಗನ ಹೆಸರು ಕೇಳಿದರು. ಅಮ್ಮ ಮಣೆಯ ಮೇಲಿನ ಪಂಚೆಯ ಮಡಿಕೆ ಸರಿಮಾಡತೊಡಗಿದಳು.

"ಹೆಸ್ರಿಲ್ದಿರೆ ಅವ ಹ್ಯಾಂಗ್ ಬತ್ತ ಅಮ್ಮ? ನೀವೇ ಕರೀನಿ," ಅಂದಳು ನನ್ನ ಗೆಳತಿ, ಬಾಗಿಲ ಹತ್ತಿರದಿಂದ.

ಅಮ್ಮ ನಾವಿದ್ದ ಬಾಗಿಲ ಕಡೆ ತಿರುಗಿದಳು. ಇಷ್ಟು ವರ್ಷ ಮನಸ್ಸಿನಲ್ಲೇ ಇಟ್ಟುಕೊಂಡಿದ್ದ ಹೆಸರು ಹಿಡಿದು ಕರೆದಳು.

"ಗಣೇಶ, ಬಾ ಮಗಾ."

ನನಗೆ ಅಳು ಬಂತು. ಗೆಳತಿಯ ಕೈ ಗಟ್ಟಿಯಾಗಿ ಹಿಡಿದುಕೊಂಡೆ. ಬಾಗಿಲಿಗೆ ಅಡ್ಡ ನಿಂತಿದ್ದ ನಾವಿಬ್ಬರೂ ಸರಿದು ಅವನಿಗೆ ದಾರಿ ಬಿಟ್ಟೆವು.