ಶುಭಾಶಯದ ಕರಡು

ಎಲ್ಲಾ ಶುರುವಾಗಿದ್ದು ನಾಲ್ಕು ಸಾಲು ಇಂಗ್ಲಿಷಿನಿಂದ.

ಬೀಗದ ಕಾರ್ಖಾನೆಯ ಆ ಗುಮಾಸ್ತನಿಗೆ ಆಫೀಸಿನವರಿಟ್ಟ ಹೆಸರು ಥ್ಯಾಂಕ್ಸಣ್ಣ. ಬೈದವರಿಗೂ ಥ್ಯಾಂಕ್ಸ್ ಹೇಳುವ ಆಸಾಮಿ. ಅದು ಅಕ್ಕ ಕಲಿಸಿದ ಅಭ್ಯಾಸ. ತಾನು ಶಾಲೆ ಬಿಟ್ಟು, ಹೊಲಿಗೆ ಯಂತ್ರ ತುಳಿದು, ತಮ್ಮನಿಗೆ ಇಂಗ್ಲಿಷ್ ಓದಿಸಿದವಳು ಆಕೆ. ಅವಳ ಮುಖ ನೋಡಿ ಮೂರು ವರ್ಷವಾಗಿತ್ತು. ಮರುದಿನ ಬೆಳಗಿನ ರೈಲಿಗೆ ಟಿಕೆಟ್ ತೆಗೆಸಿ, ನಾಲ್ಕು ದಿನದ ರಜೆಗೆ ಅರ್ಜಿ ಹಾಕಿದ್ದ.

ದೊಡ್ಡ ಸಾಹೇಬರು ಅರ್ಜಿಯ ಮೇಲೆ ಪೇಪರ್‌ವೇಟ್ ಇಟ್ಟರು. "ಅಂಗಡಿಯವರಿಗೆಲ್ಲ ವರ್ಷದ ಕೊನೆಯ ಕಾರ್ಡು ಕಳಿಸ್ಬೇಕು. ನಿಮಗೆ ಇಂಗ್ಲಿಷ್ ಬರುತ್ತಲ್ಲ, ನಾಲ್ಕು ಸಾಲು ಬರೆದು, ಎಲ್ಲರ ಒಪ್ಪಿಗೆ ತಗೊಂಡು ಐದು ಗಂಟೆಯೊಳಗೆ ತನ್ನಿ. ರಜೆ ಆಮೇಲೆ ನೋಡೋಣ."

"ಥ್ಯಾಂಕ್ಸ್ ಸಾರ್."

ಇದೇನು ಮಹಾ ಎಂದುಕೊಂಡು ಥ್ಯಾಂಕ್ಸಣ್ಣ ಖಾಲಿ ಕಾರ್ಡೊಂದರಲ್ಲಿ ಬರೆದ: ಹ್ಯಾಪಿ ಹಾಲಿಡೇಸ್. ಸೀಸನ್ಸ್ ಗ್ರೀಟಿಂಗ್ಸ್. ವಾರ್ಮ್ ವಿಶಸ್. ಫ್ರಮ್ ಆಲ್ ಆಫ್ ಅಸ್. ಲೋಕವೆಲ್ಲ ಬರೆಯುವ ಮಾತುಗಳು, ಯಾರು ತಾನೇ ಬೇಡ ಅಂದಾರು?

ಆ ಆಫೀಸಿನಲ್ಲಿ ಒಂದು ಪದ್ಧತಿಯಿತ್ತು. ಯಾರೇ ಒಂದು ಪದಕ್ಕೆ ಕಾಟು ಹೊಡೆದರೂ ಪಕ್ಕದಲ್ಲೇ ಸಹಿ ಹಾಕಬೇಕು.

ಮೊದಲು ಕಂಪನಿಯ ವಕೀಲರು. "ಹ್ಯಾಪಿ ಹಾಲಿಡೇಸಾ! ಜನ ನಮ್ಮ ಬೀಗ ಹಾಕ್ಕೊಂಡು ರಜೆಗೆ ಹೋಗ್ತಾರೆ. ಕಳ್ಳ ಬಂದ ಅಂತಿಟ್ಕೊಳ್ಳಿ. ರಜೆ ಚೆನ್ನಾಗಿರುತ್ತೆ ಅಂತ ಕಂಪನಿಯವರೇ ಬರೆದುಕೊಟ್ಟಿದ್ರು ಅಂತ ಕೋರ್ಟಿಗೆ ಬರ್ತಾರೆ!" ಕಾಟು, ಸಹಿ.

"ಥ್ಯಾಂಕ್ಸ್ ಸಾರ್."

ಮಾರಾಟದ ಮ್ಯಾನೇಜರು ಕೆರಳಿದರು. "ಯಾವ ಸೀಸನ್ ರೀ? ಮೂರು ತಿಂಗಳಿಂದ ಅಂಗಡಿಯವರು ನೊಣ ಹೊಡೀತಾ ಕೂತಿದ್ದಾರೆ. ಗಾಯಕ್ಕೆ ಉಪ್ಪು ಸವರ್ತೀರಾ?"

ಗೋದಾಮಿನ ಮೇಡಂ ತಲೆ ಅಲ್ಲಾಡಿಸಿದರು. "ವಾರ್ಮ್ ಅಂದ್ರೆ ಬೆಚ್ಚಗೆ ತಾನೇ? ಬಿಸಿಲಿಗೆ ಬೀಗ ಕಚ್ಕೊಳ್ಳುತ್ತೆ ಅಂತ ಏಳು ಪೆಟ್ಟಿಗೆ ವಾಪಸ್ ಬಂದಿದೆ. ಮರೆತೋರಿಗೆ ನೀನೇ ನೆನಪು ಮಾಡ್ಬೇಡಪ್ಪ."

ಫ್ಯಾನಿನ ಜಗಳದಲ್ಲಿ ವಕೀಲರೊಂದಿಗೆ ಮಾತು ಬಿಟ್ಟಿದ್ದ ಟೈಪಿಸ್ಟ್ ಕೊನೆಯ ಸಾಲಿಗೆ ಬೆರಳಿಟ್ಟಳು. "ಆಲ್ ಆಫ್ ಅಸ್ ಅಂದ್ರೆ ಆ ಮನುಷ್ಯನೂ ಸೇರಿದನಾ? ಹಾಗಾದ್ರೆ ನಾನಿಲ್ಲ."

ಐದಕ್ಕೆ ಐದು ನಿಮಿಷವಿತ್ತು. ಕಾರ್ಡು ಮಸಿ ಮೆತ್ತಿದ ಒಲೆಯಂತಿತ್ತು. ಥ್ಯಾಂಕ್ಸಣ್ಣ ಕಾಟು ಹೊಡೆದ ಸಾಲುಗಳಿಗೆಲ್ಲ ವೈಟ್‌ನರ್ ಬಳಿದ. ಅದು ಒಣಗಿದ ಮೇಲೆ ಹೊಸದಾಗಿ ಏನಾದರೂ ಬರೆಯೋಣವೆಂದಿದ್ದ. ಅಷ್ಟರಲ್ಲಿ ಸಾಹೇಬರು ಗಂಟೆ ಬಾರಿಸಿದರು.

ಸಾಹೇಬರು ಕಾರ್ಡನ್ನೇ ನೋಡಿದರು. ಬಿಳೀ ಕಾಗದ, ನಾಲ್ಕು ಸಹಿ, ಮತ್ತೇನಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡರು.

"ಇಪ್ಪತ್ತು ವರ್ಷದಿಂದ ಅದೇ ನಾಲ್ಕು ಮಾತು ಓದಿ ಸಾಕಾಗಿತ್ತು ಕಣ್ರೀ. ಇದು ನೋಡಿ! ಮಾತೇ ಇಲ್ಲ, ಮನುಷ್ಯರ ಕೈ ಮಾತ್ರ ಇದೆ. ಎಂಥಾ ತಲೆ ನಿಮ್ಮದು!" ಎಂದು ಅಲ್ಲೇ ರಜೆ ಮಂಜೂರು ಮಾಡಿದರು.

ಥ್ಯಾಂಕ್ಸಣ್ಣನ ಕಣ್ಣು ತುಂಬಿ ಬಂತು. ಕಾಟು ಹೊಡೆದ ನಾಲ್ವರಿಗೂ ಮನಸ್ಸಿನಲ್ಲೇ ಕೈ ಮುಗಿದ. ಅವರು ತಲೆ ಹಾಕದಿದ್ದರೆ ಅಕ್ಕನ ಮನೆಯೆಲ್ಲಿ, ತಾನೆಲ್ಲಿ!

"ಅಂದ ಹಾಗೆ," ಸಾಹೇಬರು ರಟ್ಟಿನ ಪೆಟ್ಟಿಗೆಯೊಂದನ್ನು ಮುಂದೆ ತಳ್ಳಿದರು. "ಮುನ್ನೂರು ಕಾರ್ಡಿದೆ. ಅಚ್ಚು ಹಾಕಿಸಿದ್ರೆ ಮಜಾ ಇರಲ್ಲ, ಪ್ರತಿಯೊಂದಕ್ಕೂ ಕೈಯಾರೆ ಸಹಿ ಆಗ್ಬೇಕು. ಆ ನಾಲ್ವರೂ ಈಗಷ್ಟೇ ರಜೆಗೆ ಮನೆಗೆ ಹೋದ್ರು. ನಿಮಗೂ ಹೇಗೂ ನಾಲ್ಕು ದಿನ ರಜೆ. ದಿನಕ್ಕೊಂದು ಮನೆ."

"ಥ್ಯಾಂಕ್ಸ್ ಸಾರ್," ಎಂದುಬಿಟ್ಟಿತು ಬಾಯಿ.

ಫೋನಿನಲ್ಲಿ ಅಕ್ಕ ಎಲ್ಲ ಕೇಳಿ ಕೆಮ್ಮು ಬರುವಷ್ಟು ನಕ್ಕಳು. "ಇಂಗ್ಲಿಷ್ ಓದ್ಸಿದ್ದು ನಾನೇ ಅಲ್ವೇನೋ, ಯಾರನ್ನ ಬೈಲಿ! ಹೋಗ್ಲಿ ಬಿಡು, ನನಗೂ ಒಂದು ಕಾರ್ಡು ಕಳ್ಸು. ನಿನ್ನ ಕೈಬರಹನಾದ್ರೂ ನೋಡ್ತೀನಿ."

ಆಗ ಹೊಳೆಯಿತು, ಆ ಕಾರ್ಡಿನಲ್ಲಿ ತನ್ನ ಸಹಿಯೇ ಇರಲಿಲ್ಲ. ಒಂದು ಖಾಲಿ ಕಾರ್ಡು ತೆಗೆದು ಬರೆದ: "ಅಕ್ಕಾ, ನಿನ್ನ ಉಪಕಾರ ಮರೆಯೋಲ್ಲ." ಕೆಳಗೆ ಸಹಿ ಹಾಕಿ ಪೆಟ್ಟಿಗೆಯಲ್ಲೇ ಇಟ್ಟ.

ಮರುದಿನ ರೈಲು ಹೊರಡುವ ಹೊತ್ತಿಗೆ ಆತ ವಕೀಲರ ಮನೆಯಲ್ಲಿದ್ದ. ಅವರು ಕಾರ್ಡುಗಳ ಮೇಲೆ ಸರಸರನೆ ಸಹಿ ಮಾಡುತ್ತಾ ಹೋಗಿ ಒಂದು ಕಡೆ ತಟಕ್ಕನೆ ನಿಂತರು.

"ಅಯ್ಯೋ, ಉಪಕಾರ ಅಂತ ಬರವಣಿಗೆಯಲ್ಲಿ ಒಪ್ಕೋತಾರೇನ್ರೀ? ನಾಳೆ ಆಕೆ ಕೇಸು ಹಾಕಿದ್ರೆ?" ಥ್ಯಾಂಕ್ಸಣ್ಣ ಕೈ ಚಾಚುವಷ್ಟರಲ್ಲಿ ಕಾಟು ಹೊಡೆದು ಪಕ್ಕದಲ್ಲಿ ಸಹಿ ಹಾಕಿದರು.

"ಥ್ಯಾಂಕ್ಸ್ ಸಾರ್," ಎಂದ. ಬೀದಿಗೆ ಬಂದು ಅದೇ ಕಾರ್ಡಿಗೆ ಅಕ್ಕನ ವಿಳಾಸ ಬರೆದು ಅಂಚೆ ಡಬ್ಬಕ್ಕೆ ಹಾಕಿದ. ಕಾಟು ಹೊಡೆದಿದ್ದರೂ ಅಕ್ಷರ ಕಾಣುತ್ತಿತ್ತು.