ಅಲಸಂದಿ ಕಾಳು ಮತ್ತು ನನ್ನ ಬೆರಳು

ಗಣಿತಕ್ಕೂ ನನಗೂ ಶಾಲೆಯಲ್ಲೇ ಮಾತು ಬಿಟ್ಟುಹೋಗಿತ್ತು. ಆದರೂ ದೇವರು ದೊಡ್ಡವನು. ಮರಾಠಿ ಸೀಮೆಯ ಧನಕವಡಿಯಲ್ಲಿರುವ ನಮ್ಮ ಎರಡು ಕೋಣೆಯ ಮನೆಗೆ ಗಣಿತದಲ್ಲಿ ಎಂ.ಎಸ್ಸಿ. ಓದುವ ಮಗಳನ್ನು ಕೊಟ್ಟ. ನಲ್ಲಿ ನೀರು ಹೊತ್ತಿಗೆ ಸರಿಯಾಗಿ ಬಂದರೂ ಕೈಮುಗಿಯುವವಳು ನಾನು. ಇದಕ್ಕೆ ಎಷ್ಟು ಸಲ ಮುಗಿದಿರಬಹುದು, ನೀವೇ ಯೋಚಿಸಿ.

ಜೀವಿಗಳು ತಲೆಮಾರಿನಿಂದ ತಲೆಮಾರಿಗೆ ಬದಲಾಗುವುದನ್ನು ಲೆಕ್ಕದಲ್ಲಿ ಹಿಡಿಯುವುದು ನನ್ನ ಮಗಳು ಜಾನಕಿಯ ವಿಷಯ. ಯಾರೂ ಆರಿಸದಿದ್ದರೂ ಬರೀ ಆಕಸ್ಮಿಕದಿಂದಲೇ ಒಂದು ಬಣ್ಣ ಉಳಿದು ಇನ್ನೊಂದು ಅಳಿಯಬಹುದಂತೆ. ಶುಕ್ರವಾರ ಕಾಲೇಜಿನಲ್ಲಿ ಪಾಲಕರ ಮುಂದೆ ಅದನ್ನು ತೋರಿಸಬೇಕಿತ್ತು. ಅದಕ್ಕೆ ಅಂಕಗಳೂ ಇದ್ದವು. ಹಿಂದಿನ ದಿನ ಡಬ್ಬಿಯಲ್ಲಿ ಕೆಂಪು, ಬಿಳಿ ಅಲಸಂದಿ ಸಮಸಮ ಬೆರೆಸಿ, "ಅವ್ವಾ, ಕಣ್ಣು ಮುಚ್ಚಿ ಇಪ್ಪತ್ತು ಕಾಳು ತಗಿ" ಎಂದಳು. ಕೈಗೆ ಬಂದ ಬಣ್ಣಗಳ ಪ್ರಮಾಣದಲ್ಲೇ ಡಬ್ಬಿಯನ್ನು ಮತ್ತೆ ತುಂಬುವುದು, ಮತ್ತೆ ತೆಗೆಯುವುದು, ಒಂದೇ ಬಣ್ಣ ಉಳಿಯುವ ತನಕ. ಒಮ್ಮೆ ಕೆಂಪು ಗೆದ್ದರೆ ಇನ್ನೊಮ್ಮೆ ಬಿಳಿ ಗೆಲ್ಲಬೇಕು. ನನ್ನ ಕೈಯಲ್ಲಿ ಆರು ಸಲವೂ ಕೆಂಪೇ! ಕುಂಕುಮದ ಬಣ್ಣ, ದೇವಿಯ ಕೃಪೆ ಎಂದು ಡಬ್ಬಿಗೆ ಹೂ ಏರಿಸಿದೆ. ಜಾನಕಿ ಅಳುವುದೊಂದೇ ಬಾಕಿ. "ಕೃಪಾ ಅಲ್ಲವ್ವಾ, ನನ್ನ ಲೆಕ್ಕಾನ ತಪ್ಪ್ಯಾವ. ನಾಳೆ ಎಲ್ಲಾರ ಮುಂದ ಏನ್ ತೋರಿಸಲಿ?"

ನಮ್ಮ ಯಜಮಾನರು ಪೇಪರ್ ಇಳಿಸಿದರು. "ಲೆಕ್ಕ ಬಿಡು, ನಿಮ್ಮವ್ವನ ಕೈ ನೋಡು. ಬಿಳಿ ಕಾಳಿಗೆ ಹುಳ ಹತ್ಯಾವ. ಕಣ್ಣು ಮುಚ್ಚಿದ್ರೂ ಆಕಿ ಹುಳಕು ಬಿಟ್ಟು ಛಲೋದು ಹಿಡೀತಾಳ."

ಇಪ್ಪತ್ತಾರು ವರ್ಷ ಮೊರದಲ್ಲಿ ಕಾಳು ಆರಿಸಿದ ಬೆರಳು ನನ್ನ ಅಪ್ಪಣೆ ಕೇಳುತ್ತದೆಯೇ? ನಾಚಿಕೆಯಾಗಿ, ಹೊಸ ಕಾಳು ತರುತ್ತೇನೆಂದು ಎದ್ದೆ. ಜಾನಕಿ ಕಣ್ಣೊರೆಸಿಕೊಂಡು ಕೈ ಹಿಡಿದಳು. "ಏನೂ ತರಬ್ಯಾಡ. ಇದ ಕಾಳು, ಇದ ಕೈ. ನಾಳೆ ನೀನೂ ಬಾ."

ಹೋದೆ, ಇಳಕಲ್ ಸೀರೆ ಉಟ್ಟುಕೊಂಡೇ. ಮೊದಲು ಆರಿಸಲು ಬಾರದ ಚಮಚದಿಂದ ತೆಗೆದಳು, ಬಿಳಿ ಗೆದ್ದಿತು. ಆಮೇಲೆ ನನ್ನ ಕೈ, ಕೆಂಪು. ಪ್ರತಿ ಸರದಿಯ ಚೂರೇ ಚೂರು ಒಲವು ಸೇರುತ್ತ ಸೇರುತ್ತ ಇಡೀ ಡಬ್ಬಿಯನ್ನೇ ಹೇಗೆ ಬದಲಿಸುತ್ತದೆ ಎಂದು ಬೋರ್ಡಿನ ತುಂಬ ಲೆಕ್ಕ ಬರೆದಳು. ಆರಿಸುವ ಕೈಗೆ ತಾನು ಆರಿಸುತ್ತಿದ್ದೇನೆಂಬುದು ಗೊತ್ತಿರಲೇಬೇಕೆಂದಿಲ್ಲ ಎಂದು ಮರಾಠಿಯಲ್ಲಿ ಹೇಳಿ ನನ್ನ ಕಡೆ ನೋಡಿದಳು. ಅವಳ ಸರ್ ಎದ್ದು ನನ್ನ ಕಡೆ ತಿರುಗಿ, "ಕಾಕೂ, ಏಕದಮ್ ಬರೋಬರ್!" ಎಂದರು, ಎಲ್ಲರೂ ಚಪ್ಪಾಳೆ ತಟ್ಟಿದರು. ದೇವರೇ, ಆ ಚಪ್ಪಾಳೆಯಲ್ಲಿ ಅರ್ಧ ನನ್ನ ಬೆರಳಿಗೂ ಇತ್ತಲ್ಲ!

ಮನೆಗೆ ಬಂದವಳೇ ಅಕ್ಕಪಕ್ಕದವರಿಗೆಲ್ಲ ಕಥೆ ಹೇಳಿ, ಅದೇ ಉಮೇದಿನಲ್ಲಿ ಅಲಸಂದಿ ಉಸಳಿ ಮಾಡಿ ಬಡಿಸಿದೆ. ಮೊದಲ ತುತ್ತಿಗೇ ಯಜಮಾನರ ಹಲ್ಲಿನಲ್ಲಿ ಕಟಕ್ ಎಂದಿತು. "ಏನಿದು? ಕಲ್ಲು!"

"ಬರೀ ಆಕಸ್ಮಿಕರೀ," ಎಂದೆ. "ಇವತ್ತ ಯಾರೂ ಆರಿಸಿಲ್ಲ."